ತವರು ಯಂತ್ರದ ಆಚೆ: ಲಿನಕ್ಸ್ ಪೋರ್ಟಿಂಗ್ ಕುರಿತು



ತಂತ್ರಾಂಶದ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದಾಗ, ಕೃತಕ ಬುದ್ಧಿಮತ್ತೆಯೇ ವಿಷಯವಾದೀತು ಎಂಬ ನಿರೀಕ್ಷೆ ಅವರ ದನಿಯಲ್ಲಿತ್ತು. ನಾನು ಆರಿಸಿಕೊಂಡದ್ದು ಅದಕ್ಕಿಂತ ಬಹಳ ಕೆಳಗಿನ ಮಹಡಿಯ ಕೆಲಸ. ಒಂದು ಪ್ರೊಸೆಸರಿಗೆಂದು ಬರೆದ ಆಪರೇಟಿಂಗ್ ಸಿಸ್ಟಮ್ಮನ್ನು ಅದರ ಭಾಷೆಯೇ ಗೊತ್ತಿಲ್ಲದ ಇನ್ನೊಂದು ಪ್ರೊಸೆಸರಿನ ಮೇಲೆ ಓಡುವಂತೆ ಮಾಡುವುದು; ನಮ್ಮವರ ಬಾಯಲ್ಲಿ 'ಪೋರ್ಟ್ ಮಾಡುವುದು'. ಪತ್ರಿಕೆಗಳಲ್ಲಿ ಇದು ಸುದ್ದಿಯಾಗುವುದಿಲ್ಲ. ಚಿಪ್ಪು ಬಿಡುಗಡೆಯಾದರೆ ಮಂತ್ರಿಗಳು ಬರುತ್ತಾರೆ, ಫೋಟೊ ಬರುತ್ತದೆ. ಆ ಚಿಪ್ಪಿನ ಮೇಲೆ ಒಂದು ಸಾಮಾನ್ಯ ಟೆಕ್ಸ್ಟ್ ಎಡಿಟರ್ ತೆರೆದುಕೊಳ್ಳುವ ಹೊತ್ತಿಗೆ ಎಷ್ಟು ಜನ ಎಷ್ಟು ವರ್ಷ ಕೂತಿದ್ದರು ಎಂದು ಯಾರೂ ಕೇಳುವುದಿಲ್ಲ. ಇವತ್ತಿನ ಮಾತು ಅವರ ಬಗ್ಗೆ.

1991ರ ಆಗಸ್ಟ್‌ನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿರುವುದಾಗಿ ಪ್ರಕಟಿಸಿದರು; ಅದೇ ಲಿನಕ್ಸ್. ಇದು ಬೇರೆ ಯಂತ್ರಗಳಿಗೆ ಹೋಗುವಂಥದ್ದಲ್ಲ ಎಂದು ಜೊತೆಗೇ ಹೇಳಿಯೂಬಿಟ್ಟರು. ಅದು ವಿನಯದ ಮಾತಾಗಿರಲಿಲ್ಲ, ನಿಜವಾಗಿತ್ತು. ಅವರ ಬಳಿ ಇದ್ದದ್ದು ಇಂಟೆಲ್ 386 ಪ್ರೊಸೆಸರಿನ ಪಿಸಿ. ಆ 386 ಏನೇನು ಅನುಕೂಲ ಕೊಡುತ್ತಿತ್ತೋ ಅದನ್ನೆಲ್ಲ ಅವರು ಎರಡೂ ಕೈಯಿಂದ ಬಾಚಿಕೊಂಡಿದ್ದರು. ಒಂದು ಪ್ರೋಗ್ರಾಮನ್ನು ನಿಲ್ಲಿಸಿ ಇನ್ನೊಂದಕ್ಕೆ ಹೊರಳುವ ಕೆಲಸವನ್ನು ಆ ಚಿಪ್ಪಿನ ಹಾರ್ಡ್‌ವೇರೇ ಮಾಡಿಕೊಡುತ್ತಿತ್ತು. ಮೆಮೊರಿಯ ಹಂಚಿಕೆಯೂ 386ರ ಸೆಗ್ಮೆಂಟ್ ಪದ್ಧತಿಗೆ ಅಂಟಿಕೊಂಡಿತ್ತು: 4 ಜಿಬಿ ವಿಳಾಸ ವ್ಯಾಪ್ತಿಯನ್ನು 64 ಎಂಬಿಯ ತುಂಡುಗಳಾಗಿ ಕತ್ತರಿಸಿ ಪ್ರೋಗ್ರಾಮಿಗೊಂದರಂತೆ ಕೊಟ್ಟರೆ ಒಟ್ಟು 64 ತುಂಡು. ಆದ್ದರಿಂದ ಏಕಕಾಲಕ್ಕೆ 64 ಪ್ರೋಗ್ರಾಮು, ಅಷ್ಟೆ. ಲೆಕ್ಕ ಅಂದವಾಗಿಯೇ ಇದೆ. ಆದರೆ ಅದು 386ರ ಲೆಕ್ಕ.

1992ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಪ್ರೊಫೆಸರ್, ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬರೆದ ಆಂಡ್ರ್ಯೂ ಟನೆನ್‌ಬಾಮ್ ಇದನ್ನೇ ಹಿಡಿದು ಝಾಡಿಸಿದರು. ಒಂದೇ ಪ್ರೊಸೆಸರಿಗೆ ಕಟ್ಟುಬಿದ್ದ ಆಪರೇಟಿಂಗ್ ಸಿಸ್ಟಮ್ ತಪ್ಪು ದಾರಿ ಎಂಬುದು ಅವರ ವಾದ. ಅದರಲ್ಲಿ ಅವರು ಸರಿ. ಇಂಟೆಲ್ ವಂಶದ ಚಿಪ್ಪುಗಳೇ ಬೇಗ ಮೂಲೆ ಸೇರುತ್ತವೆ ಎಂದೂ ಭಾವಿಸಿದ್ದರು. ಅದು ಸುಳ್ಳಾಯಿತು. ಪ್ರೊಫೆಸರುಗಳ ಭವಿಷ್ಯವಾಣಿಯ ಬಗ್ಗೆ ಈ ಸಭೆಯಲ್ಲಿ ಹೆಚ್ಚು ಹೇಳದಿರುವುದೇ ಕ್ಷೇಮ.

ಇದಕ್ಕೂ ಮೊದಲು ಒಂದು ದೊಡ್ಡ ಪೋರ್ಟ್ ನಡೆದಿತ್ತು. ಅದನ್ನು ಹೇಳದೆ ಮುಂದೆ ಹೋಗಲಾಗದು. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬೆಳೆದದ್ದು ಪಿಡಿಪಿ-11 ಎಂಬ 16 ಬಿಟ್ ಯಂತ್ರದ ಮೇಲೆ. 1973ರಲ್ಲಿ ಅದನ್ನು ಸಿ ಭಾಷೆಯಲ್ಲಿ ಮತ್ತೆ ಬರೆದರು. ಸಿ ಭಾಷೆಯಲ್ಲಿದ್ದ ಮಾತ್ರಕ್ಕೆ ಅದು ಎಲ್ಲಿ ಬೇಕಾದರೂ ಓಡುತ್ತದೆಯೇ ಎಂಬುದು 1977ರವರೆಗೆ ಪರೀಕ್ಷೆಯಾಗಿರಲಿಲ್ಲ. ಆ ವರ್ಷ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಮತ್ತು ಸ್ಟೀವ್ ಜಾನ್ಸನ್ ಇಂಟರ್‌ಡೇಟಾ 8/32 ಎಂಬ 32 ಬಿಟ್ ಯಂತ್ರಕ್ಕೆ ಯುನಿಕ್ಸನ್ನು ಒಯ್ದರು. ಅದೇ ವರ್ಷ ಆಸ್ಟ್ರೇಲಿಯಾದ ವೊಲೊಂಗಾಂಗ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಮಿಲ್ಲರ್ ತಮ್ಮ ಪಾಡಿಗೆ ತಾವು ಇಂಟರ್‌ಡೇಟಾ 7/32ಕ್ಕೆ ಅದನ್ನೇ ಮಾಡಿ ಮುಗಿಸಿದ್ದರು. ಆ ಸಾಹಸದಲ್ಲಿ ತಿದ್ದುಪಡಿ ಕಂಡದ್ದು ಯುನಿಕ್ಸ್ ಒಂದೇ ಅಲ್ಲ, ಸಿ ಭಾಷೆಯೂ ಕೂಡ. ವಿಳಾಸವನ್ನೂ ಸಂಖ್ಯೆಯನ್ನೂ ಮನಸ್ಸಿಗೆ ಬಂದಂತೆ ಬೆರೆಸುವ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿತ್ತೆಂದು ಬರೆದವರಿಗೇ ಗೊತ್ತಾದದ್ದು ಆಗ. ಕೋಡನ್ನು ಓಡಿಸದೆಯೇ ಓದಿ ಇಂಥ ಸಡಿಲ ಜಾಗಗಳನ್ನು ಎತ್ತಿ ತೋರಿಸುವ 'ಲಿಂಟ್' ಎಂಬ ಸಾಧನವನ್ನು ಜಾನ್ಸನ್ ಬರೆದದ್ದೂ ಆ ಕಾಲದಲ್ಲೇ.

ಮತ್ತೆ ಲಿನಕ್ಸ್‌ಗೆ ಬರೋಣ. 1994ರ ಮೇ ತಿಂಗಳಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಬಳಕೆದಾರರ ಸಮ್ಮೇಳನ ನಡೆಯಿತು. ಅಲ್ಲಿ ಲಿನಸ್‌ರನ್ನು ಕಂಡ ಕಂಪನಿಯ ಜಾನ್ ಹಾಲ್, ಬರಿಯ ಬೆನ್ನು ತಟ್ಟಿ ಕಳಿಸಲಿಲ್ಲ. ಆಲ್ಫಾ ಪ್ರೊಸೆಸರಿನ ಒಂದು ಯಂತ್ರ ಅವರಿಗೆ ಎರವಲು ಸಿಗುವಂತೆ ಮಾಡಿದರು. ಒಂದು ಕಂಪನಿಯ ಒಳಗಿನ ಒಬ್ಬ ಮನುಷ್ಯ ಸರಿಯಾದ ಹೊತ್ತಿಗೆ ಸರಿಯಾದ ಅರ್ಜಿಗೆ ಸಹಿ ಹಾಕಿಸಿಕೊಂಡರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆಲ್ಫಾಗೂ 386ಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. 386 32 ಬಿಟ್‌ನದು, ಆಲ್ಫಾ 64. 386ರಲ್ಲಿ ಮೆಮೊರಿ ಪುಟ 4 ಕೆಬಿ, ಆಲ್ಫಾದಲ್ಲಿ 8. ಮೊದಲ ತಲೆಮಾರಿನ ಆಲ್ಫಾಗಳಲ್ಲಿ ಒಂದೇ ಒಂದು ಬೈಟ್ ಓದುವ, ಬರೆಯುವ ಆದೇಶವೇ ಇರಲಿಲ್ಲ. ಒಂದು ಅಕ್ಷರ ಬದಲಿಸಬೇಕಾದರೆ ಅದರ ಸುತ್ತಲಿನ ಬೈಟುಗಳನ್ನೂ ಒಟ್ಟಿಗೆ ಎತ್ತಿ, ನಡುವಿನದನ್ನು ತಿದ್ದಿ, ಇಡಿಯಾಗಿ ಮರಳಿ ಇಡಬೇಕು. ಎರಡು ಪ್ರೊಸೆಸರುಗಳು ಅಕ್ಕಪಕ್ಕದ ಬೈಟುಗಳ ಮೇಲೆ ಹೀಗೆ ಕೆಲಸ ಮಾಡುತ್ತಿದ್ದರೆ ಒಬ್ಬರ ಬರವಣಿಗೆಯನ್ನು ಇನ್ನೊಬ್ಬರು ಅರಿಯದೆಯೇ ಅಳಿಸಿಬಿಡಬಹುದು. ಹಲವು ಪ್ರೊಸೆಸರಿನ ಆಲ್ಫಾಗಳಲ್ಲಿ ಇನ್ನೊಂದು ವಿಚಿತ್ರವೂ ಇತ್ತು. ಒಬ್ಬರು ಹೊಸ ದತ್ತಾಂಶ ಬರೆದು, ಆಮೇಲೆ ಅದರ ವಿಳಾಸವನ್ನು ಪ್ರಕಟಿಸಿದರು ಎನ್ನಿ. ಓದುವವರಿಗೆ ಹೊಸ ವಿಳಾಸ ಕಾಣಿಸುತ್ತದೆ. ಆ ವಿಳಾಸಕ್ಕೆ ಹೋದರೆ ಹಳೆಯ ದತ್ತಾಂಶವೇ ಸಿಗಬಹುದು! ಇಷ್ಟು ಸಡಿಲವಾದ ಇನ್ನೊಂದು ಪ್ರೊಸೆಸರನ್ನು ಲಿನಕ್ಸ್ ಕಂಡಿಲ್ಲ. ಇದರಿಂದಾಗಿ, ಯಾವ ಓದು ಯಾವುದರ ನಂತರ ನಡೆಯಲೇಬೇಕು ಎಂಬುದನ್ನು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಬರೆಯುವವರು ಬಾಯಿಬಿಟ್ಟು ಹೇಳಲು ಕಲಿತರು. ಮುಂದೆ ಆರ್ಮ್ ಪ್ರೊಸೆಸರಿಗೆ ಬಹು ಕೋರ್‌ಗಳು ಬಂದಾಗ ಆ ಶಿಸ್ತು ಉಪಯೋಗಕ್ಕೆ ಬಂತು.

ಪುಟಪಟ್ಟಿಯ ವಿಚಾರದಲ್ಲಿ ಲಿನಸ್ ಮಾಡಿದ್ದು ನೋಡಿ. ಪ್ರೋಗ್ರಾಮಿನ ವಿಳಾಸವನ್ನು ನಿಜವಾದ ಮೆಮೊರಿಯ ವಿಳಾಸಕ್ಕೆ ತಿರುಗಿಸುವ ಈ ಪಟ್ಟಿ 386ರಲ್ಲಿ ಎರಡು ಹಂತದ್ದು, ಆಲ್ಫಾದಲ್ಲಿ ಮೂರು. ಎರಡಕ್ಕೂ ಬೇರೆ ಬೇರೆ ಕರ್ನಲ್ ಬರೆಯುವುದು ಸುಲಭದ ದಾರಿ. ಅವರು ಮಾಡಿದ್ದು ಬೇರೆ: ಕರ್ನಲ್ಲಿನ ಸಾಮಾನ್ಯ ಭಾಗ ಎಲ್ಲ ಯಂತ್ರಕ್ಕೂ ಮೂರು ಹಂತ ಇವೆ ಎಂದೇ ತಿಳಿದುಕೊಳ್ಳುತ್ತದೆ, 386ರಲ್ಲಿ ನಡುವಿನ ಹಂತ ಹೆಸರಿಗೆ ಮಾತ್ರ ಇದ್ದು, ಕಂಪೈಲ್ ಆಗುವಾಗ ಮಾಯವಾಗುತ್ತದೆ. ಈ ಒಂದು ನಿರ್ಧಾರ ಎಷ್ಟು ಬಾಳಿಕೆ ಬಂತೆಂದರೆ, 2005ರಲ್ಲಿ ನಾಲ್ಕನೆಯ ಹಂತವನ್ನೂ 2017ರಲ್ಲಿ ಐದನೆಯದನ್ನೂ ಅದೇ ಉಪಾಯದಿಂದ ಸೇರಿಸಿದರು. 1995ರ ಮಾರ್ಚ್‌ನಲ್ಲಿ ಲಿನಕ್ಸ್ 1.2 ಹೊರಬಂದಾಗ ಅದರಲ್ಲಿ ಆಲ್ಫಾ, ಸ್ಪಾರ್ಕ್, ಮಿಪ್ಸ್ ಮೂರೂ ಪ್ರೊಸೆಸರುಗಳ ಪೋರ್ಟುಗಳು ಇದ್ದವು. ಪ್ರತಿ ಯಂತ್ರದ ಖಾಸಗಿ ವ್ಯವಹಾರ ಅದರದರ ಕೋಣೆಯಲ್ಲಿ, ಉಳಿದದ್ದೆಲ್ಲ ನಡುಮನೆಯಲ್ಲಿ ಎಂಬ ಏರ್ಪಾಟು ಅಲ್ಲಿಂದ ಗಟ್ಟಿಯಾಯಿತು.

ಆ ಖಾಸಗಿ ಕೋಣೆಯಲ್ಲಿ ಏನಿರುತ್ತದೆ? ಯಂತ್ರ ಹೊತ್ತಿಕೊಂಡಾಗ ಮೊದಲು ಓಡುವ ಕೆಲವು ಸಾಲುಗಳು, ಅಡಚಣೆ ಬಂದರೆ ಎಲ್ಲಿಗೆ ಹಾರಬೇಕು ಎಂಬುದು, ಗಡಿಯಾರ, ಪುಟಪಟ್ಟಿ, ಬೀಗಗಳು. ಒಂದನ್ನು ಹತ್ತಿರದಿಂದ ನೋಡೋಣ. ರಿಸ್ಕ್-ಫೈವ್ ಎಂಬ ಮುಕ್ತ ಆದೇಶ ಸಮೂಹದ ಪ್ರೊಸೆಸರಿನಲ್ಲಿ 32 ಪೂರ್ಣಾಂಕ ರಿಜಿಸ್ಟರುಗಳಿವೆ. ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಹೊರಳುವಾಗ ಲಿನಕ್ಸ್ ಮೂವತ್ತೆರಡನ್ನೂ ಎತ್ತಿಡುತ್ತದೆ ಎಂದು ನೀವು ಊಹಿಸಬಹುದು. ಹೊರಳುವ ಆ ಪುಟ್ಟ ಫಂಕ್ಷನ್ ಎತ್ತಿಡುವುದು ಹದಿನಾಲ್ಕನ್ನು: ಮರಳಬೇಕಾದ ವಿಳಾಸ, ಸ್ಟ್ಯಾಕಿನ ತುದಿ, ಮತ್ತು ಎಸ್0ಯಿಂದ ಎಸ್11ರವರೆಗಿನ ಹನ್ನೆರಡು. ಸೊನ್ನೆಯ ರಿಜಿಸ್ಟರ್ ಯಾವಾಗಲೂ ಸೊನ್ನೆಯೇ, ಅದನ್ನು ಕಾಪಾಡುವ ಗೊಡವೆಯಿಲ್ಲ. ಹೊರಳುವುದೂ ಒಂದು ಫಂಕ್ಷನ್ ಕರೆಯೇ ಆದ್ದರಿಂದ, ಕರೆದವರೇ ಕಾಪಾಡಿಕೊಳ್ಳಬೇಕು ಎಂದು ಒಪ್ಪಂದವಿರುವ ರಿಜಿಸ್ಟರುಗಳನ್ನು ಕಂಪೈಲರ್ ಆಗಲೇ ಎತ್ತಿಟ್ಟಿರುತ್ತದೆ. ಹದಿನಾಲ್ಕು ಬರೆದು, ಹದಿನಾಲ್ಕು ಓದಿ, ಮರಳು. ಮರಳುವಷ್ಟರಲ್ಲಿ ನೀವು ಬೇರೊಂದು ಪ್ರೋಗ್ರಾಮಿನೊಳಗೆ ಇದ್ದೀರಿ. ಇಡೀ ಕರ್ನಲ್ಲಿನಲ್ಲಿ ನನಗೆ ಅತಿ ಸುಂದರವಾಗಿ ಕಾಣುವ ಪುಟ ಇದು.

ಕರ್ನಲ್ ಎದ್ದು ನಿಂತ ದಿನ ಸೀರಿಯಲ್ ತಂತಿಯ ಇನ್ನೊಂದು ತುದಿಯಲ್ಲಿ ಅಕ್ಷರ ಕಾಣಿಸುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಿಜವಾದ ದುಡಿಮೆ ಮರುದಿನದಿಂದ. ಕರ್ನಲ್ಲಿನ ಮೇಲೆ ಕೂರುವ ಸಾವಿರಾರು ಪ್ರೋಗ್ರಾಮುಗಳು ಬರಬೇಕಲ್ಲ.

ಇಲ್ಲಿ ಕನ್ನಡಿಗರಿಗೆ ನೇರವಾಗಿ ತಟ್ಟುವ ಒಂದು ಉದಾಹರಣೆ ಕೊಡುತ್ತೇನೆ. ಸಿ ಭಾಷೆಯಲ್ಲಿ 'ಚಾರ್' ಎಂಬ ಒಂದು ಬೈಟಿನ ಬಗೆ ಇದೆ. ಅದು ಋಣ ಸಂಖ್ಯೆಯನ್ನು ಹಿಡಿಯಬಲ್ಲದೇ ಇಲ್ಲವೇ ಎಂಬುದನ್ನು ಭಾಷೆ ನಿರ್ಧರಿಸಿಲ್ಲ, ಆಯಾ ಯಂತ್ರದ ಒಪ್ಪಂದಕ್ಕೆ ಬಿಟ್ಟಿದೆ. ಇಂಟೆಲ್ ಪಿಸಿಯ ಲಿನಕ್ಸ್‌ನಲ್ಲಿ ಅದರ ವ್ಯಾಪ್ತಿ -128ರಿಂದ 127. ಆರ್ಮ್ ಮತ್ತು ರಿಸ್ಕ್-ಫೈವ್ ಲಿನಕ್ಸ್‌ನಲ್ಲಿ 0ಯಿಂದ 255. ಇಂಗ್ಲಿಷ್ ಅಕ್ಷರಗಳೆಲ್ಲ 127ರ ಒಳಗೇ ಇರುವುದರಿಂದ ಇಂಗ್ಲಿಷ್ ಮಾತ್ರ ಬರೆಯುವವರಿಗೆ ಈ ವ್ಯತ್ಯಾಸ ಜನ್ಮದಲ್ಲಿ ಗೊತ್ತಾಗುವುದಿಲ್ಲ. ನಮ್ಮ 'ಕ' ತೆಗೆದುಕೊಳ್ಳಿ. ಯುಟಿಎಫ್-8ರಲ್ಲಿ ಅದು ಮೂರು ಬೈಟು: 224, 178, 149. ಮೂರೂ 127ರ ಆಚೆ. ಇಂಟೆಲ್ ಯಂತ್ರದಲ್ಲಿ ಅದೇ ಬೈಟುಗಳು -32, -78, -107 ಎಂದು ಕಾಣುತ್ತವೆ. ಯಾರೋ ಒಬ್ಬರು "ಬೈಟು ಸೊನ್ನೆಗಿಂತ ಕಡಿಮೆಯಿದ್ದರೆ ಇದು ಇಂಗ್ಲಿಷಲ್ಲ, ಬೇರೆ ದಾರಿಗೆ ಕಳಿಸು" ಎಂದು ಬರೆದಿರುತ್ತಾರೆ. ಪಿಸಿಯ ಮೇಲೆ ಕನ್ನಡ ಸರಿಯಾಗಿಯೇ ನಡೆಯುತ್ತದೆ. ಆರ್ಮ್‌ಗೆ ಒಯ್ದ ಕೂಡಲೆ ಆ ಷರತ್ತು ಎಂದೆಂದಿಗೂ ನಿಜವಾಗುವುದಿಲ್ಲ. ಕನ್ನಡವೆಲ್ಲ ಇಂಗ್ಲಿಷಿನ ಸಾಲಿಗೆ ಬಿದ್ದು ಕೆಡುತ್ತದೆ. ತಿರುವುಮುರುವಾಗಿಯೂ ಆಗುತ್ತದೆ: ಬೈಟನ್ನೇ ಕೋಷ್ಟಕದ ಕ್ರಮಾಂಕವಾಗಿ ಬಳಸಿದ ಕೋಡು ಆರ್ಮ್‌ನಲ್ಲಿ ಸುಮ್ಮನಿದ್ದು, ಪಿಸಿಯಲ್ಲಿ ಕೋಷ್ಟಕದ ಹಿಂದಿನ ಮೆಮೊರಿಗೆ ಕೈಹಾಕುತ್ತದೆ. ಲಿನಕ್ಸ್ ಕರ್ನಲ್ ಮಟ್ಟಿಗೆ ಈ ಜಗಳ 2023ರಲ್ಲಿ ಬಂದ 6.2ನೆಯ ಆವೃತ್ತಿಯಿಂದ ಮುಗಿದಿದೆ; ಎಲ್ಲ ಯಂತ್ರಗಳಲ್ಲೂ ಕರ್ನಲ್ಲಿನ ಒಳಗೆ ಚಾರ್ ಈಗ 0ಯಿಂದ 255. ಮೂವತ್ತು ವರ್ಷ ಹಿಡಿಯಿತು.

ಪೋರ್ಟ್ ಮಾಡುವವರು ಹೊಸ ಯಂತ್ರವನ್ನು ಕಲಿಯುತ್ತಾರೆ ಎಂದು ಹೊರಗಿನವರು ತಿಳಿಯುತ್ತಾರೆ. ಯಂತ್ರದ ಕೈಪಿಡಿ ಓದಿದರೆ ಅದು ಕೆಲವು ವಾರಗಳ ಕೆಲಸ. ವರ್ಷಗಟ್ಟಲೆ ತಿನ್ನುವುದು ಹಳೆಯ ಪ್ರೋಗ್ರಾಮುಗಳಲ್ಲಿ ಯಾರೂ ಬರೆದಿಡದೆ ಉಳಿದ ನಂಬಿಕೆಗಳು. ತಪ್ಪು ಮೊದಲಿಂದಲೂ ಅಲ್ಲೇ ಇತ್ತು. ಹಳೆಯ ಯಂತ್ರ ಅದನ್ನು ಮುಚ್ಚಿಟ್ಟಿತ್ತು.

ಎಲ್ಲ ತೊಡಕೂ ಇಷ್ಟು ಸ್ವಾರಸ್ಯವಾಗಿರುವುದಿಲ್ಲ, ಅದನ್ನೂ ಹೇಳಬೇಕು. ಹಳೆಯ ಪ್ಯಾಕೇಜುಗಳಲ್ಲಿ 'ಕಾನ್ಫಿಗ್ ಗೆಸ್' ಎಂಬ ಒಂದು ಸ್ಕ್ರಿಪ್ಟ್ ಇರುತ್ತದೆ. "ನಾನು ಈಗ ಯಾವ ಯಂತ್ರದ ಮೇಲಿದ್ದೇನೆ" ಎಂದು ಊಹಿಸುವುದು ಅದರ ಕೆಲಸ. 2005ರಲ್ಲಿ ನಕಲು ಮಾಡಿಟ್ಟ ಸ್ಕ್ರಿಪ್ಟಿಗೆ ರಿಸ್ಕ್-ಫೈವ್ ಎಂಬ ಹೆಸರೇ ಗೊತ್ತಿಲ್ಲ. ಒಳಗಿನ ಕೋಡು ನೂರಕ್ಕೆ ನೂರು ಸರಿಯಿದ್ದರೂ ಅದು ಬಾಗಿಲಲ್ಲೇ ಕೈಚೆಲ್ಲುತ್ತದೆ. ಹೊಸ ಸ್ಕ್ರಿಪ್ಟ್ ತಂದಿಟ್ಟರೆ ಮುಗಿಯಿತು. ಬೇಸರದ ಕೆಲಸ, ಆದರೆ ಪ್ರತಿ ಹೊಸ ಯಂತ್ರ ಬಂದಾಗಲೂ ಪ್ಯಾಕೇಜಿನಿಂದ ಪ್ಯಾಕೇಜಿಗೆ ಯಾರಾದರೂ ಇದನ್ನು ಮಾಡಲೇಬೇಕು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ 13ನೆಯ ಆವೃತ್ತಿಯಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ ಎಂಬುದನ್ನು ನೆನಪಿಡಿ. ಇನ್ನು ಜಾವಾ, ಜಾವಾಸ್ಕ್ರಿಪ್ಟ್‌ಗಳಂತೆ ಓಡುತ್ತಲೇ ಯಂತ್ರಭಾಷೆಯನ್ನು ತಯಾರಿಸುವ ಪ್ರೋಗ್ರಾಮುಗಳ ಪಾಡು ಬೇರೆ. ಅವು ಒಂದೊಂದೂ ಒಂದೊಂದು ಸ್ವತಂತ್ರ ಪೋರ್ಟ್. ಲಿನಕ್ಸ್ ಕರ್ನಲ್ಲಿಗೆ ರಿಸ್ಕ್-ಫೈವ್ ಸೇರಿದ್ದು 2018ರ ಜನವರಿಯ 4.15ರಲ್ಲಿ, ಜಾವಾದ ಓಪನ್ ಜೆಡಿಕೆಯಲ್ಲಿ ಅದು ಬಂದದ್ದು 2022ರಲ್ಲಿ.

ವಿದ್ಯಾರ್ಥಿಗಳು ಕೇಳುವ ಒಂದು ಪ್ರಶ್ನೆ: ಹೊಸ ಯಂತ್ರದಲ್ಲಿ ಕಂಪೈಲರೇ ಇಲ್ಲದಾಗ ಮೊದಲ ಕಂಪೈಲರನ್ನು ಯಾವುದರಿಂದ ಕಂಪೈಲ್ ಮಾಡುತ್ತಾರೆ? ಮೊಸರಿಗೆ ಹೆಪ್ಪು ಬೇಕು, ಹೆಪ್ಪೇ ಮೊಸರು. ಮನೆಯಲ್ಲಿಲ್ಲದಿದ್ದರೆ ಪಕ್ಕದ ಮನೆಯಿಂದ ತರುತ್ತೇವೆ. ಇಲ್ಲೂ ಹಾಗೆಯೇ. ಪಿಸಿಯ ಮೇಲೆ ಕೂತು ಹೊಸ ಯಂತ್ರದ ಭಾಷೆಯಲ್ಲಿ ಕೋಡು ಉಗುಳುವ ಕಂಪೈಲರನ್ನು ಮಾಡುತ್ತಾರೆ. ಅದರಿಂದ ಸಿ ಲೈಬ್ರರಿ, ಶೆಲ್, ಕೊನೆಗೆ ಹೊಸ ಯಂತ್ರದಲ್ಲೇ ಓಡುವ ಕಂಪೈಲರು. ಅಲ್ಲಿಂದ ಮುಂದೆ ಹೊರಗಿನ ಸಹಾಯವಿಲ್ಲದೆ ಎಲ್ಲವನ್ನೂ ಮತ್ತೊಮ್ಮೆ ಕಟ್ಟುತ್ತಾರೆ. ಚಿಪ್ಪು ಇನ್ನೂ ಕೈಗೆ ಬಂದಿರದಿದ್ದರೆ ಕ್ಯೂಎಂಯು ಇದೆ. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಬರೆದ ಈ ಪ್ರೋಗ್ರಾಮ್ ಪಿಸಿಯೊಳಗೇ ಬೇರೊಂದು ಪ್ರೊಸೆಸರಿನ ವೇಷ ಹಾಕುತ್ತದೆ. ನಿಧಾನ, ಆದರೆ ನಂಬಬಹುದು.

ಬೆಂಗಳೂರಿಗೆ ಈ ವಿದ್ಯೆ ಹೊಸದಲ್ಲ. 2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್ಕೋರ್ ಸಾಫ್ಟ್‌ವೇರ್‌ನವರು ಸೇರಿ ಸಿಂಪ್ಯೂಟರ್ ಎಂಬ ಕೈಯಳತೆಯ ಕಂಪ್ಯೂಟರನ್ನು ತೋರಿಸಿದರು. ಒಳಗಿದ್ದದ್ದು ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಕಿಸೆಯಲ್ಲಿ ಲಿನಕ್ಸ್ ಇಟ್ಟುಕೊಂಡು ತಿರುಗುವುದು ಅಂದಿಗೆ ದೊಡ್ಡ ಮಾತು. ಅದು ಸಾಧ್ಯವಾದದ್ದು, ಇಂಗ್ಲೆಂಡಿನ ರಸೆಲ್ ಕಿಂಗ್ 1994ರಲ್ಲೇ ತಮ್ಮ ಏಕಾರ್ನ್ ಕಂಪ್ಯೂಟರಿಗಾಗಿ ಆರ್ಮ್ ಪೋರ್ಟನ್ನು ಆರಂಭಿಸಿದ್ದರಿಂದ. ಸ್ಟ್ರಾಂಗ್‌ಆರ್ಮ್‌ಗೆ ಒಂದು ಚಾಳಿಯಿತ್ತು. ನಾಲ್ಕರಿಂದ ಭಾಗವಾಗದ ವಿಳಾಸದಿಂದ ನಾಲ್ಕು ಬೈಟು ಓದು ಎಂದರೆ, ಪಿಸಿಯಂತೆ ಸರಿಯಾಗಿ ಓದಿಕೊಡುತ್ತಿರಲಿಲ್ಲ. ಬೈಟುಗಳನ್ನು ಸುತ್ತುತಿರುಗಿಸಿ ಬೇರೆಯೇ ಸಂಖ್ಯೆಯನ್ನು ಕೈಗಿಡುತ್ತಿತ್ತು. ಪ್ರೋಗ್ರಾಮ್ ಬೀಳುವುದಿಲ್ಲ, ಉತ್ತರ ಮಾತ್ರ ತಪ್ಪು. ಬಿದ್ದುಹೋಗುವ ಪ್ರೋಗ್ರಾಮಿಗಿಂತ ಇದು ಸಾವಿರ ಪಾಲು ಅಪಾಯ. ಅಂಥ ಓದನ್ನು ಹಿಡಿದು ಸರಿಪಡಿಸುವ ಏರ್ಪಾಟನ್ನು ಆರ್ಮ್ ಲಿನಕ್ಸ್ ತನ್ನೊಳಗೇ ಇಟ್ಟುಕೊಳ್ಳಬೇಕಾಯಿತು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಅದರ ಕಾರಣಗಳು ಬೇರೊಂದು ಉಪನ್ಯಾಸದ ವಸ್ತು. ಭಾರತೀಯ ಭಾಷೆಗಳನ್ನು ಓದಿಹೇಳಲು ಅದಕ್ಕಾಗಿ ರೂಪಿಸಿದ 'ಧ್ವನಿ' ತಂತ್ರಾಂಶ ಮಾತ್ರ ಮುಕ್ತವಾಗಿದ್ದರಿಂದ ಯಂತ್ರ ಹೋದ ಮೇಲೂ ಉಳಿಯಿತು.

ಈಗ ದೇಶದಲ್ಲಿ ಸ್ವದೇಶಿ ಪ್ರೊಸೆಸರಿನ ಮಾತು ಜೋರಾಗಿದೆ. ಮದ್ರಾಸ್ ಐಐಟಿಯ 'ಶಕ್ತಿ', ತಿರುವನಂತಪುರದ ಸಿ-ಡ್ಯಾಕ್‌ನ 'ವೇಗ', ಎರಡೂ ರಿಸ್ಕ್-ಫೈವ್ ಆಧಾರಿತ. 2010ರಲ್ಲಿ ಬರ್ಕ್ಲಿಯಲ್ಲಿ ಶುರುವಾದ, ಯಾರಿಗೂ ಶುಲ್ಕ ಕೊಡದೆ ಬಳಸಬಹುದಾದ ಆದೇಶ ಸಮೂಹ ಇದು. 2018ರಲ್ಲಿ ಶಕ್ತಿಯ ಚಿಪ್ಪಿನ ಮೇಲೆ ಲಿನಕ್ಸ್ ಎದ್ದಿತು. ನಾವು ಹೆಮ್ಮೆಪಟ್ಟೆವು, ಪಡಬೇಕಾದದ್ದೇ. ಆದರೆ ಆ ತಂಡ ಲಿನಕ್ಸ್‌ನ ಪೋರ್ಟನ್ನು ಸೊನ್ನೆಯಿಂದ ಬರೆಯಬೇಕಾಗಲಿಲ್ಲ ಎಂಬುದನ್ನೂ ಹೇಳಬೇಕು. ಆದೇಶ ಸಮೂಹ ಎಲ್ಲರದ್ದಾಗಿದ್ದರಿಂದ, ಬೇರೆ ದೇಶದ ಯಾರೋ ಮಾಡಿದ ಕಂಪೈಲರ್, ಯಾರೋ ಬರೆದ ಆ ಹದಿನಾಲ್ಕು ರಿಜಿಸ್ಟರಿನ ಪುಟ ನಮಗೂ ಸಿಕ್ಕಿತು. ನಮ್ಮದೇ ಪ್ರತ್ಯೇಕ ಆದೇಶ ಸಮೂಹ ಕಟ್ಟಬೇಕಿತ್ತು ಎನ್ನುವವರು ಆಗಾಗ ಸಿಗುತ್ತಾರೆ. ಅವರಿಗೆ 2018ರ ಜೂನ್‌ನಲ್ಲಿ ಬಂದ ಲಿನಕ್ಸ್ 4.17ನ್ನು ತೋರಿಸಬೇಕು. ಆ ಒಂದೇ ಆವೃತ್ತಿಯಲ್ಲಿ ಎಂಟು ಪ್ರೊಸೆಸರ್ ವಂಶಗಳನ್ನು ಕರ್ನಲ್ಲಿನಿಂದ ತೆಗೆದುಹಾಕಿದರು. ಬಹುಪಾಲು, ಒಂದೊಂದು ಕಂಪನಿ ತನ್ನ ಉತ್ಪನ್ನಕ್ಕಷ್ಟೆ ಮಾಡಿಕೊಂಡ ಆದೇಶ ಸಮೂಹಗಳು. ಕಂಪನಿ ಆರ್ಮ್ ಕಡೆ ತಿರುಗಿತು, ನೋಡಿಕೊಳ್ಳುವವರು ಯಾರೂ ಉಳಿಯಲಿಲ್ಲ.

ತವರು ಯಂತ್ರವಾದ 386ನ್ನೂ ಲಿನಕ್ಸ್ 2012ರ ಕೊನೆಯಲ್ಲಿ ಕೈಬಿಟ್ಟಿತು. ಲಿನಸ್ ಕಣ್ಣೀರೇನೂ ಹಾಕಲಿಲ್ಲ. ಇಂಟೆಲ್ ಮತ್ತು ಎಚ್‌ಪಿಯಂಥ ದೈತ್ಯರು ಹಣ ಸುರಿದ ಇಟಾನಿಯಂ ಪ್ರೊಸೆಸರ್ 2024ರ ಆರಂಭದ 6.7ರಲ್ಲಿ ಹೋಯಿತು. ಇತ್ತ ಮೋಟೊರೋಲಾ 68000 ವಂಶವನ್ನು ನೋಡಿ. ಅಮಿಗಾ, ಅಟಾರಿ, ಹಳೆಯ ಮ್ಯಾಕಿಂಟಾಷ್‌ಗಳಲ್ಲಿದ್ದ ಆ ಚಿಪ್ಪಿನ ಹಿಂದೆ ಇಂದು ಯಾವ ದೊಡ್ಡ ಕಂಪನಿಯೂ ಇಲ್ಲ. ಅದರ ಪೋರ್ಟ್ ಇನ್ನೂ ಕರ್ನಲ್ಲಿನಲ್ಲಿದೆ, ಏಕೆಂದರೆ ಕೆಲವು ಹಟಮಾರಿ ಹವ್ಯಾಸಿಗಳು ಹೊಸ ಕರ್ನಲ್ ಬಂದಾಗ ಅದನ್ನು ಹಳೆಯ ಪೆಟ್ಟಿಗೆಯಲ್ಲಿ ಓಡಿಸಿ ನೋಡುತ್ತಾರೆ, ಕೆಟ್ಟರೆ ತಿದ್ದುತ್ತಾರೆ. ನಮ್ಮಲ್ಲಿ ಬೋರ್ಡು ತಯಾರಿಸುವವರು, ಹೆಸರು ಬೇಡ, ಒಂದು ಕರ್ನಲ್ಲಿಗೆ ತೇಪೆ ಹಾಕಿ ಬೋರ್ಡಿನ ಜೊತೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆ ತೇಪೆ ಮೂಲ ಲಿನಕ್ಸ್‌ಗೆ ಸೇರುವುದೇ ಇಲ್ಲ. ಎರಡು ವರ್ಷ ಕಳೆದರೆ ಆ ಬೋರ್ಡಿಗೆ ಭದ್ರತಾ ತಿದ್ದುಪಡಿ ಸಿಗುವುದಿಲ್ಲ, ಕಾಲೇಜಿನ ಲ್ಯಾಬಿನ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಅನುದಾನದ ಅರ್ಜಿಗಳಲ್ಲಿ ಚಿಪ್ಪಿನ ವಿನ್ಯಾಸಕ್ಕೆ ಅಂಕಣವಿದೆ. ಐದು ವರ್ಷ ಪೋರ್ಟನ್ನು ನೋಡಿಕೊಳ್ಳುವ ಇಬ್ಬರ ಸಂಬಳಕ್ಕೂ ಒಂದು ಅಂಕಣ ಬೇಕು ಎಂಬುದು ನನ್ನ ತಕರಾರು.

ಹವ್ಯಾಸಿಗಳ ದಾರಿಯೂ ಸಲೀಸಲ್ಲ. ಡೆಬಿಯನ್‌ನಲ್ಲಿ ಪ್ಯಾಕೇಜುಗಳನ್ನು ತಂದು ಸ್ಥಾಪಿಸುವ 'ಆಪ್ಟ್' ಇನ್ನು ಮುಂದೆ ರಸ್ಟ್ ಭಾಷೆಯನ್ನೂ ಅವಲಂಬಿಸಲಿದೆ ಎಂದು 2025ರ ಕೊನೆಯಲ್ಲಿ ಪ್ರಕಟವಾಯಿತು. ರಸ್ಟ್ ಕಂಪೈಲರ್ ಸಿದ್ಧವಿಲ್ಲದ ಪೋರ್ಟುಗಳು ಆರು ತಿಂಗಳಲ್ಲಿ ತಯಾರಾಗಬೇಕು, ಇಲ್ಲವೇ ಅಂಗಡಿ ಮುಚ್ಚಬೇಕು ಎಂಬ ಧಾಟಿಯಲ್ಲಿ. ಭದ್ರತೆಯ ದೃಷ್ಟಿಯಿಂದ ಅದಕ್ಕೆ ಸಮರ್ಥನೆ ಇದೆ. ಆರು ತಿಂಗಳು ಎಂಬುದು ನನಗೆ ಒರಟಾಗಿ ಕಂಡಿತು.

ಎಲ್ಲಿಂದ ಶುರು ಮಾಡುವುದು ಎಂದು ಕೇಳುವ ವಿದ್ಯಾರ್ಥಿಗಳಿಗೆ: ಬೋರ್ಡು ಕೊಳ್ಳಬೇಕಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕ್ಯೂಎಂಯು ಹಾಕಿ, ಅದರಲ್ಲಿ ರಿಸ್ಕ್-ಫೈವ್ ಡೆಬಿಯನ್ ಎಬ್ಬಿಸಿ. 2023ರ ಜುಲೈಯಲ್ಲಿ ಅದು ಅಧಿಕೃತ ಪೋರ್ಟುಗಳ ಪಟ್ಟಿ ಸೇರಿತು, 2025ರ ಆಗಸ್ಟ್‌ನಲ್ಲಿ ಬಂದ 13ನೆಯ ಆವೃತ್ತಿಯಲ್ಲಿ ಎಲ್ಲರ ಕೈಗೆ ಬಂದಿದೆ. ಆಮೇಲೆ ಆ ಯಂತ್ರಕ್ಕೆ ಕಟ್ಟಲಾಗದೆ ಸೋತ ಪ್ಯಾಕೇಜುಗಳ ಪಟ್ಟಿ ತೆರೆಯಿರಿ, ಚಿಕ್ಕದೊಂದನ್ನು ಆರಿಸಿ, ಅದರ ಲಾಗನ್ನು ಕೊನೆಯಿಂದ ಮೇಲಕ್ಕೆ ಓದಿ. ಮೊದಲ ದೋಷ ಎಲ್ಲಿದೆಯೋ ಅಲ್ಲಿ ನಿಲ್ಲಿ. ಅದರ ಕೆಳಗಿನ ಸಾಲುಗಳು ಬಹುತೇಕ ಅದರ ಸಂತಾನ. ತಿದ್ದಿದ್ದನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳದೆ ಮೂಲ ಬರೆದವರಿಗೆ ಕಳಿಸಿ. ಅವರು ತಿರಸ್ಕರಿಸಿದರೆ ಕಾರಣ ಕೇಳಿ, ಮತ್ತೆ ಕಳಿಸಿ.